ಕಾಸೇಗಾವಿನಲ್ಲಿ ಇಳಿಯಿರಿ

ಬೆಂಗಳೂರಿನಿಂದ ಪುಣೆಗೆ ಹೊರಟ ರಾತ್ರಿ ಬಸ್ಸಿನಲ್ಲಿದ್ದೀರಿ. ನಿಪ್ಪಾಣಿ ದಾಟುವಾಗ ಮಂಪರು ಹತ್ತಿತ್ತು. ಕೊಲ್ಲಾಪುರದಲ್ಲಿ ಯಾರೋ ಇಳಿದದ್ದು, ಡಿಕ್ಕಿಯ ಬಾಗಿಲು ಧಡ್ಡೆಂದು ಮುಚ್ಚಿದ್ದು ಕನಸಿನಲ್ಲಿ ಕೇಳಿದ ಹಾಗಿದೆ. ವಾರಣಾ ನದಿಯ ಸೇತುವೆ ಕಳೆಯುತ್ತಿದ್ದಂತೆ ಕಿಟಕಿಯ ಸಂದಿಯಿಂದ ಒಂದು ವಾಸನೆ ನುಗ್ಗುತ್ತದೆ. ಕಾಯುತ್ತಿರುವ ಕಬ್ಬಿನ ಹಾಲು. ಎಲ್ಲೋ ಹತ್ತಿರದ ಆಲೆಮನೆಯಲ್ಲಿ ಕೊಪ್ಪರಿಗೆ ಇಳಿಸುವ ಹೊತ್ತು. ರಸ್ತೆಯ ಎರಡೂ ಬದಿಗೆ ಕತ್ತಲಲ್ಲಿ ಕಬ್ಬು ಒತ್ತಾಗಿ ನಿಂತಿದೆ. ಬಸ್ಸಿನ ದೀಪ ಬಿದ್ದಾಗ ಮಾತ್ರ ಗರಿಗಳು ಹೊಳೆದು ಮತ್ತೆ ಮರೆಯಾಗುತ್ತವೆ. ಹೊಟ್ಟೆತುಂಬ ನೀರುಂಡ ನೆಲದ ತಂಪು ಕೆನ್ನೆಗೆ ತಾಗುತ್ತದೆ.

ಆ ತಂಪನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಪೇಠ್ ನಾಕಾ ಹೋಯಿತು, ನೇರ್ಲೆ ಹೋಯಿತು. ಮುಂದಿನದು ಕಾಸೇಗಾಂವ್, ಸಾಂಗ್ಲಿ ಜಿಲ್ಲೆಯ ವಾಳವಾ ತಾಲೂಕಿನ ಊರು. ದೂರದ ಬಸ್ಸುಗಳಿಗೆ ಇಲ್ಲಿ ಕೆಲಸವಿಲ್ಲ; ಕರಾಡದ ಕಡೆಗೆ ಓಡಿಬಿಡುತ್ತವೆ. ನಾನೂ ಎಷ್ಟೋ ಸಲ ನಿದ್ದೆಗಣ್ಣಿನಲ್ಲೇ ಈ ಊರು ದಾಟಿದ್ದೇನೆ. ಇವತ್ತು ಡ್ರೈವರನಿಗೆ ಹೇಳಿ ನಿಲ್ಲಿಸೋಣ. ಇಳಿಯಿರಿ.

ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ 1941ರ ಆಗಸ್ಟ್ 2ರಂದು ಹುಟ್ಟಿದ ಗೇಲ್ ಆಮ್ವೆಟ್ ಎಂಬ ಸಮಾಜಶಾಸ್ತ್ರಜ್ಞೆ ನಾಲ್ಕು ದಶಕ ಈ ಊರಿನ ಸೊಸೆಯಾಗಿ ಬಾಳಿದರು. ನಮ್ಮ ಹಳ್ಳಿಗಳಿಗೆ ಸಂಶೋಧಕರು ಬರುತ್ತಾರೆ, ಕಟ್ಟೆಯ ಮೇಲೆ ಕೂತು ಕೇಳುತ್ತಾರೆ, ನೋಟುಪುಸ್ತಕ ತುಂಬಿದ ಮೇಲೆ ಹೊರಟುಹೋಗುತ್ತಾರೆ. ಬರೆದದ್ದು ಊರಿಗೆ ಮರಳಿ ಬರುವುದು ಅಪರೂಪ. ಈ ಹೆಣ್ಣುಮಗಳು ಉಳಿದುಕೊಂಡರು. ಉಳಿಯುವುದು ಒಂದು ದಿನದ ತೀರ್ಮಾನವಲ್ಲ, ಮತ್ತೆ ಮತ್ತೆ ಮಾಡಬೇಕಾದದ್ದು. ಒಂದೊಂದು ಸಲವೂ ಅದರ ಭಾರ ಎಷ್ಟಿತ್ತು ಎಂಬುದು ನಿಮ್ಮ ಮೈಗೇ ತಾಗಲಿ ಎಂದು ನನ್ನ ಆಸೆ. ಹಾಗಾಗಿ ಹಿಂದಕ್ಕೆ ಹೋಗೋಣ.

*

1970ರ ಸುಮಾರು. ಮಹಾರಾಷ್ಟ್ರದ ಒಂದು ಓದುವ ಕೋಣೆ ಎಂದುಕೊಳ್ಳಿ. ಮೇಲೆ ಫ್ಯಾನು ಕಿರುಗುಟ್ಟುತ್ತ ಬಿಸಿಗಾಳಿಯನ್ನೇ ತಿರುಗಿಸುತ್ತಿದೆ. ನಿಮ್ಮ ಮುಂದಿನ ಮೇಜಿನ ಮೇಲೆ ಹಳೆಯ ಮರಾಠಿ ಪುಸ್ತಕ, ಬೆರಳು ಸೋಕಿದರೆ ಅಂಚು ಪುಡಿಯಾಗುವ ಕಾಗದ. ಬೆವರು ಮೊಣಕೈಗಿಳಿದು ಹಾಳೆಗೆ ತಾಗೀತೆಂದು ತೋಳು ಎತ್ತಿ ಹಿಡಿದಿದ್ದೀರಿ. ಮೂಗಿನಲ್ಲಿ ಗೆದ್ದಲು ಹುಡಿಯ, ಹಳೆ ಅಂಟಿನ ವಾಸನೆ.

ಪಕ್ಕದ ಕುರ್ಚಿಯಲ್ಲಿ ಇಪ್ಪತ್ತೊಂಬತ್ತರ ಗೇಲ್. ಈ ದೇಶ ಅವರಿಗೆ ಹೊಸದೇನೂ ಅಲ್ಲ. 1963ರಲ್ಲಿ ಫುಲ್‌ಬ್ರೈಟ್ ನೆರವಿನಿಂದ ಇಂಗ್ಲಿಷ್ ಕಲಿಸಲು ಬಂದು ಒಂದು ವರ್ಷ ಇದ್ದು ಹೋಗಿದ್ದಾರೆ. ಮರಳಿದ ಮೇಲೆ ಬರ್ಕ್ಲಿ ವಿಶ್ವವಿದ್ಯಾಲಯ. ಅಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ಬೀದಿಗಿಳಿದ ಪೀಳಿಗೆಯ ಜೊತೆ ಅವರೂ ಇದ್ದರು. ಈಗ ಪಿಎಚ್.ಡಿ.ಗಾಗಿ ಮರಾಠಿ ಅಕ್ಷರಗಳನ್ನು ಒಂದೊಂದಾಗಿ ಬಿಡಿಸುತ್ತ ಕೂತಿದ್ದಾರೆ. ಬಿಡಿಸುತ್ತಿರುವುದು ಜ್ಯೋತಿಬಾ ಫುಲೆಯವರನ್ನು.

ಫುಲೆಯವರ 'ಗುಲಾಮಗಿರಿ' ಅಚ್ಚಾದದ್ದು 1873ರಲ್ಲಿ. ಅದರ ಅರ್ಪಣೆಯ ಪುಟಕ್ಕೆ ಬನ್ನಿ. ಪುಣೆಯ ಮಾಳಿ ಜಾತಿಯ ಈ ಮನುಷ್ಯ ತನ್ನ ಪುಸ್ತಕವನ್ನು ಅರ್ಪಿಸಿರುವುದು ನೀಗ್ರೋ ಗುಲಾಮರನ್ನು ಬಿಡುಗಡೆ ಮಾಡಿದ ಅಮೆರಿಕದ ಸಜ್ಜನರಿಗೆ. ನಿಮ್ಮ ದೇಶದವರು ಮಾಡಿದ್ದನ್ನು ನನ್ನ ದೇಶದವರೂ ಶೂದ್ರರಿಗಾಗಿ ಮಾಡಲಿ ಎಂಬುದು ಅದರ ಆಶಯ. ಈಗ ಆ ಪುಟವನ್ನು ಓದುತ್ತಿರುವವರು ಅಮೆರಿಕದವರೇ. ಕರಿಯರು ಬಸ್ಸಿನ ಸೀಟಿಗಾಗಿ, ಓಟಿಗಾಗಿ ಇನ್ನೂ ಏಟು ತಿನ್ನುತ್ತಿದ್ದ ದೇಶದಲ್ಲಿ ಬೆಳೆದವರು. ಸುಮಾರು ನೂರು ವರ್ಷದ ಹಿಂದೆ ಬರೆದ ಕಾಗದವೊಂದು ವಿಳಾಸ ಹುಡುಕಿಕೊಂಡು ಕೈಗೆ ಬಂದರೆ ಹೇಗಿರುತ್ತದೆ? ಗಂಟಲು ಒಣಗುತ್ತದೆ. ನೀರಿನ ಲೋಟಕ್ಕೆ ಕೈ ಹೋಗುತ್ತದೆ, ಹೋಗಿ ಅಲ್ಲೇ ನಿಲ್ಲುತ್ತದೆ.

ಆ ಕಾಲದ ವಿದ್ವತ್ತಿಗೆ ಫುಲೆಯವರಿಂದ ಹೊರಟ ಬ್ರಾಹ್ಮಣೇತರ ಚಳವಳಿಯೆಂದರೆ ಅಷ್ಟಕ್ಕಷ್ಟೆ. ಸರ್ಕಾರಿ ನೌಕರಿಯ ಆಸೆ, ಬ್ರಿಟಿಷರ ಓಲೈಕೆ ಎಂದು ಎರಡು ಮಾತಿನಲ್ಲಿ ಮುಗಿಸುವವರೇ ಹೆಚ್ಚು. ಕೆಂಬಾವುಟ ಹಿಡಿದವರಿಗೂ ವರ್ಗವೇ ಮೊದಲು, ಜಾತಿ ತಾನಾಗಿ ಕರಗುವ ಸಂಗತಿ. ಗೇಲ್ ಬೇರೆ ದಾರಿ ಹಿಡಿಯುತ್ತಾರೆ. ಫುಲೆಯನ್ನು ಅವರು ಸುಧಾರಕ ಎಂದು ಓದುವುದಿಲ್ಲ, ಸಮಾಜವನ್ನು ಬುಡದಿಂದ ವಿವರಿಸಿದ ಚಿಂತಕ ಎಂದು ಓದುತ್ತಾರೆ. ಫುಲೆ ಕಟ್ಟಿದ ಸತ್ಯಶೋಧಕ ಸಮಾಜ ಹುಟ್ಟಿದ 1873ರಿಂದ 1930ರವರೆಗಿನ ಪಶ್ಚಿಮ ಭಾರತದ ಈ ಬಂಡಾಯವನ್ನು ಸಾಂಸ್ಕೃತಿಕ ದಂಗೆಯೆಂದು ಕರೆದು ಪ್ರಬಂಧ ಬರೆಯುತ್ತಾರೆ. ಬರ್ಕ್ಲಿ ಅವರಿಗೆ ಡಾಕ್ಟರೇಟ್ ಕೊಟ್ಟದ್ದು 1973ರಲ್ಲಿ, 'ಗುಲಾಮಗಿರಿ'ಗೆ ನೂರು ತುಂಬಿದ ವರ್ಷ.

ಪದವಿ ಸಿಕ್ಕ ಮೇಲೆ ಅಲ್ಲೇ ಒಂದು ವಿಶ್ವವಿದ್ಯಾಲಯದಲ್ಲಿ ನೆಲೆನಿಲ್ಲುವ ದಾರಿ ತೆರೆದಿತ್ತು. ಅವರು ಮತ್ತೆ ವಿಮಾನ ಹತ್ತುತ್ತಾರೆ.

*

1975. ಜೂನ್ 25ರ ರಾತ್ರಿ ದೇಶದ ಮೇಲೆ ತುರ್ತುಪರಿಸ್ಥಿತಿ ಬಿದ್ದಿದೆ. ಬಾಗಿಲು ಮುಂದೆ ಮಾಡಿದ ಒಂದು ಕೋಣೆಯಲ್ಲಿ ಕೂತಿದ್ದೀರಿ ಎನ್ನಿ. ಸೀಮೆಎಣ್ಣೆಯ ಸ್ಟೌವಿನ ಮೇಲೆ ಚಹಾ ಕುದಿಯುತ್ತಿದೆ. ಎಲ್ಲರ ದನಿ ತಗ್ಗಿದೆ. ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಗುತ್ತದೆ. ಮಾತು ನಿಲ್ಲುತ್ತದೆ. ಸದ್ದು ಹತ್ತಿರವಾಗುತ್ತದೆ. ಹೆಗಲು ಬಿಗಿಯುತ್ತದೆ. ದಾಟಿಹೋಯಿತು. ಯಾರೋ ಹಿಡಿದ ಉಸಿರು ಬಿಡುತ್ತಾರೆ, ಬಸಿಗೆ ಚಹಾ ಸುರಿಯುತ್ತಾರೆ.

ಆ ವರ್ಷ ಗೇಲ್ ಮಹಾರಾಷ್ಟ್ರದ ಹೆಂಗಸರ ಹೋರಾಟಗಳ ಬೆನ್ನು ಹತ್ತಿ ಓಡಾಡುತ್ತಿದ್ದಾರೆ. ಹೊಲದ ಕೂಲಿಯ ಹೆಂಗಸರು, ಗಿರಣಿ ಓಣಿಯ ಹೆಂಗಸರು, ದಲಿತ ಕೇರಿಯ ಹೆಂಗಸರು. ಒಬ್ಬ ಪರದೇಶಿಗೆ ಇದು ಎಂಥ ಹೊತ್ತು ನೋಡಿ. ಬಂಧನವಾಗದಿದ್ದರೂ ವೀಸಾ ಹೋದರೆ ಸಾಕು, ಎಲ್ಲ ಮುಗಿಯಿತು. ಆ ಓಡಾಟವೇ 1980ರಲ್ಲಿ ಪುಸ್ತಕವಾಗುತ್ತದೆ. 'ವಿ ವಿಲ್ ಸ್ಮ್ಯಾಶ್ ದಿಸ್ ಪ್ರಿಸನ್' ಎಂದು ಹೆಸರು. ಓದಿದರೆ ಅದು ಪ್ರಬಂಧದ ಹಾಗಿಲ್ಲ; ಬಸ್ಸಿನ ಧೂಳು, ಸಭೆಯ ಗದ್ದಲ, ಕೂಲಿ ಮುಗಿಸಿ ಬಂದು ಮಾತಿಗೆ ಕೂತ ಹೆಂಗಸಿನ ದಣಿವು ಎಲ್ಲ ಅದರೊಳಗಿದೆ.

1976ರಲ್ಲಿ ಮದುವೆ. ಗಂಡ ಭಾರತ್ ಪಾಟಣಕರ್ ವೈದ್ಯಕೀಯ ಓದಿದವರು. ಆ ವೃತ್ತಿಯನ್ನು ಬಿಟ್ಟು ಕಾರ್ಮಿಕರ, ರೈತರ ನಡುವೆ ಪೂರ್ಣಾವಧಿ ಕಾರ್ಯಕರ್ತರಾದವರು. ಅವರ ಮನೆ ಕಾಸೇಗಾಂವ್.

ಈಗ ಆ ಮನೆಯ ಹೊಸ್ತಿಲಲ್ಲಿ ನಿಲ್ಲಿ. ಒಳಗೆ ಇರುವವರು ಅತ್ತೆ, ಇಂದುಮತಿ ಪಾಟಣಕರ್. ಊರಿಗೆಲ್ಲ ಇಂದೂತಾಯಿ. 1940ರ ದಶಕದಲ್ಲಿ ಈ ಸೀಮೆಯ ಜನ ಬ್ರಿಟಿಷರ ಕಚೇರಿಯನ್ನು ಬದಿಗಿಟ್ಟು ತಮ್ಮದೇ ಪ್ರತಿಸರ್ಕಾರ ನಡೆಸಿದಾಗ ಹುಡುಗಿಯಾಗಿದ್ದ ಇವರು ಅದರೊಳಗೆ ಇದ್ದವರು. ಅವರ ಗಂಡ ಬಾಬೂಜಿಯೂ ಅದೇ ಹೋರಾಟದವರು. ಸ್ವಾತಂತ್ರ್ಯ ಬಂದು ಐದು ವರ್ಷಕ್ಕೆ, 1952ರಲ್ಲಿ, ಬಾಬೂಜಿಯ ಕೊಲೆಯಾಯಿತು. ಚಿಕ್ಕ ಮಗನನ್ನು ಸಾಕಿಕೊಂಡು, ಹೋರಾಟವನ್ನೂ ಬಿಡದೆ ಬದುಕಿದ ಹೆಂಗಸು ಇವರು. ಇಂಥ ಅತ್ತೆಯ ಮನೆಗೆ ಬರ್ಕ್ಲಿಯ ಪಿಎಚ್.ಡಿ. ಸೊಸೆಯಾಗಿ ಹೋಗುವುದು ಸುಲಭವೇ? ಜೋಳದ ಭಕ್ರಿಯನ್ನು ಅಂಗೈಯಲ್ಲಿ ತಟ್ಟುವುದು ಬಾರದಿದ್ದರೆ ಕಲಿಯಬಹುದು. ಆದರೆ ಈ ಮನೆಯಲ್ಲಿ ಹೋರಾಟವೆಂಬುದು ಓದಿನ ವಿಷಯವಲ್ಲ, ಮನೆಯವರ ಪ್ರಾಣವನ್ನೇ ಕಳೆದುಕೊಂಡ ವಿಷಯ. ಅದರ ಮುಂದೆ ತನ್ನ ಪುಸ್ತಕವಿದ್ಯೆ ಎಷ್ಟರದು ಎಂದು ಯಾರಿಗಾದರೂ ಅನ್ನಿಸದೆ ಇರದು. ಮುಂದೆ ಈ ಅತ್ತೆ ಸೊಸೆ ಒಂದೇ ಹೋರಾಟದ ಮುಂದಾಳುಗಳಾದರು. ಆ ಕಥೆಗೆ ಬರುತ್ತೇನೆ.

ಅದಕ್ಕೆ ಮೊದಲು ಒಂದು ನೀಲಿ ಪುಸ್ತಕದ ಮಾತು. 1983. ಅಮೆರಿಕದ ಪಾಸ್‌ಪೋರ್ಟು ಕೈಯಲ್ಲಿದೆ. ಹಿಡಿದು ನೋಡಿ, ತೂಕವೇ ಇಲ್ಲ. ಆದರೆ ಜಗತ್ತಿನ ಯಾವ ಬಾಗಿಲನ್ನಾದರೂ ತೆರೆಯುವ ವಸ್ತು ಅದು. ಭಾರತದ ಪೌರತ್ವ ಬೇಕೆಂದರೆ ಅದನ್ನು ಬಿಡಬೇಕು. ಎರಡನ್ನೂ ಇಟ್ಟುಕೊಳ್ಳಲು ನಮ್ಮ ಕಾನೂನಿನಲ್ಲಿ ಜಾಗವಿಲ್ಲ. ಬಿಟ್ಟ ಮರುದಿನದಿಂದ ಹೆತ್ತವರನ್ನು ನೋಡಲೂ ವೀಸಾದ ಸಾಲಿನಲ್ಲಿ ನಿಲ್ಲಬೇಕು, ತಾನು ಹುಟ್ಟಿದ ನಾಡಿಗೆ ಪರದೇಶಿಯಾಗಿ ಅರ್ಜಿ ಹಾಕಬೇಕು. ಜೈಲಿನ ಭಯ ಬಂದರೆ, ಕಾಯಿಲೆ ಬಂದರೆ, ಹಣ ಮುಗಿದರೆ ಹಿಂದಿರುಗುವ ದಾರಿ ಎಂಬುದು ಇನ್ನಿಲ್ಲ. ನಮ್ಮ ಮನೆಮನೆಯ ಮಕ್ಕಳು ಆ ನೀಲಿ ಪುಸ್ತಕಕ್ಕಾಗಿ ಇಪ್ಪತ್ತು ವರ್ಷ ಕಾಯುವುದನ್ನು ಕಂಡವರು ನಾವು. ಗೇಲ್ ಅದನ್ನು ಬಿಟ್ಟುಕೊಡುತ್ತಾರೆ. ಶಲಾಕಾ ಎಂಬ ಮರಾಠಿ ಹೆಸರೂ ಜೊತೆಗೆ ಬರುತ್ತದೆ.

*

ಕಾಸೇಗಾವಿನ ಕಬ್ಬಿನ ತಂಪು ನೆನಪಿದೆಯೇ? ಈಗ ಅದನ್ನು ಬಿಟ್ಟು ಪೂರ್ವಕ್ಕೆ, ವಿಟಾ ಕಡೆಗೆ ಬಸ್ಸು ಹತ್ತಿ. ಒಂದೆರಡು ತಾಸಿನ ದಾರಿ, ಅದೇ ಸಾಂಗ್ಲಿ ಜಿಲ್ಲೆ. ಕಬ್ಬು ತೆಳುವಾಗುತ್ತದೆ, ಜಾಲಿ ಹೆಚ್ಚುತ್ತದೆ, ಆಮೇಲೆ ಜಾಲಿಯೂ ಕುರುಚಲಾಗುತ್ತದೆ. ಮೂಗಿನಲ್ಲಿ ಬೆಲ್ಲದ ವಾಸನೆ ಹೋಗಿ ಒಣಮಣ್ಣಿನ ಕಮಟು ಕೂರುತ್ತದೆ. ಖಾನಾಪುರ ತಾಲೂಕು ಇದು. ನಮ್ಮ ಬೆಳಗಾವಿಯ ಖಾನಾಪುರವಲ್ಲ, ಅಲ್ಲಿ ಮಳೆ ಧೋ ಎನ್ನುತ್ತದೆ. ಇಲ್ಲಿ ಸಹ್ಯಾದ್ರಿ ತಡೆದು ಮಿಕ್ಕ ಮೋಡಗಳು ಮಾತ್ರ ಬರುತ್ತವೆ. ಇಂಡಿ, ಅಥಣಿ, ಜತ್ತ ಕಡೆಯ ಓದುಗರಿಗೆ ಈ ನೆಲವನ್ನು ನಾನು ವಿವರಿಸಬೇಕಿಲ್ಲ.

1980ರ ದಶಕದ ಆರಂಭ. ಬರ. ರಸ್ತೆಯ ಪಕ್ಕ ಕೂತು ಕಲ್ಲು ಒಡೆಯುತ್ತಿದ್ದೀರಿ. ಸರ್ಕಾರದ ಉದ್ಯೋಗ ಖಾತರಿಯ ಕೆಲಸ. ಎಡಗಾಲಿನಿಂದ ಕಲ್ಲು ಒತ್ತಿ ಹಿಡಿದು ಸುತ್ತಿಗೆ ಬೀಸುತ್ತೀರಿ. ಚಕ್ಕೆ ಹಾರಿ ಮೊಣಕಾಲ ಕೆಳಗೆ ಬಡಿಯುತ್ತದೆ. ಅಂಗೈಯ ಬೊಬ್ಬೆ ಒಡೆದಲ್ಲೇ ಮತ್ತೆ ಬೊಬ್ಬೆ. ಪಕ್ಕದಲ್ಲಿ ಹೆಂಗಸೊಬ್ಬಳ ಸುತ್ತಿಗೆ ನಿಮ್ಮದಕ್ಕಿಂತ ಬೇಗ ಏಳುತ್ತದೆ, ಅವಳಿಗೆ ಅಭ್ಯಾಸ. ಹೋದ ವರ್ಷವೂ ಒಡೆದಿದ್ದಳು, ಅದರ ಹಿಂದಿನ ಬರದಲ್ಲೂ. ಒಡೆದ ಕಲ್ಲಿನ ರಾಶಿ ಬೆಳೆಯುತ್ತದೆ. ಬಾವಿಯ ನೀರು ಇಳಿಯುತ್ತದೆ.

ಆಗ ಮುಂಬೈಯಿಂದ ಗಂಡಸರು ಬರತೊಡಗುತ್ತಾರೆ, ತಗಡಿನ ಟ್ರಂಕು ಹೆಗಲ ಮೇಲೆ. 1982ರ ಜನವರಿ 18ರಂದು ಶುರುವಾದ ಬಟ್ಟೆ ಗಿರಣಿಗಳ ಮುಷ್ಕರದಲ್ಲಿ ಎರಡೂವರೆ ಲಕ್ಷದಷ್ಟು ಕಾರ್ಮಿಕರು ಯಂತ್ರ ನಿಲ್ಲಿಸಿ ಹೊರಬಂದಿದ್ದಾರೆ. ಅವರಲ್ಲಿ ಬಹಳ ಮಂದಿ ಈ ಬರದ ಹಳ್ಳಿಗಳವರೇ. ಬರ ಅವರನ್ನು ಊರಿಂದ ಓಡಿಸಿತ್ತು, ಮುಷ್ಕರ ಮರಳಿ ಕಳಿಸಿದೆ. ಯೂನಿಯನ್ನಿನಲ್ಲಿ ಮಾತು ಕಲಿತ ಜನ. ಕಲ್ಲು ಒಡೆಯುವ ಜಾಗದಲ್ಲಿ ಕೂತು ಕೇಳುತ್ತಾರೆ: ವರ್ಷ ವರ್ಷ ಕಲ್ಲು ಒಡೆದರೆ ಬರ ಹೋಗುವುದೇ? ಇದೇ ಕೂಲಿ, ಇದೇ ಮೈ, ನೀರು ನಿಲ್ಲಿಸುವ ಕೆಲಸಕ್ಕೆ ಏಕಿಲ್ಲ?

ಆ ಪ್ರಶ್ನೆಯಿಂದ 'ಮುಕ್ತಿ ಸಂಘರ್ಷ' ಚಳವಳಿ ಮೇಲೇಳುತ್ತದೆ. 1980ರಲ್ಲಿ ಹುಟ್ಟಿದ ಶ್ರಮಿಕ ಮುಕ್ತಿ ದಳ, ಅಂದರೆ ಭಾರತ್, ಗೇಲ್ ಮತ್ತು ಸಂಗಾತಿಗಳು, ಅದರ ಜೊತೆಗಿದ್ದಾರೆ. ಚಳವಳಿಯ ಜನ ಬರವನ್ನೇ ಓದಲು ಕೂರುತ್ತಾರೆ. ಮುದುಕರು ತಮ್ಮ ಕಾಲದ ಬೆಳೆ, ಹಳ್ಳದ ಹರಿವು ನೆನೆದು ಹೇಳುತ್ತಾರೆ, ಓದಿದ ಹುಡುಗರು ಬರೆದುಕೊಳ್ಳುತ್ತಾರೆ. ಸಮಾಜಶಾಸ್ತ್ರಜ್ಞೆಯ ಎದುರು ಇದು ನಡೆಯುತ್ತಿದೆ ಎಂಬುದನ್ನು ಗಮನಿಸಿ. ಪ್ರಶ್ನಾವಳಿ ತಂದು ಕೇಳುವ ಕಸುಬಿನವರು, ಪ್ರಶ್ನೆ ಕೇಳಲು ಕಲಿತ ಊರಿನ ನಡುವೆ ಕೂತಿದ್ದಾರೆ. ನನಗೆ ಗೇಲ್ ಅವರ ಬದುಕಿನಲ್ಲಿ ಎಲ್ಲಕ್ಕಿಂತ ಮುಖ್ಯವೆನ್ನಿಸುವ ಹೊತ್ತು ಇದು.

ಈಗ ಯೆರಳಾ ನದಿಗೆ ಇಳಿಯಿರಿ. ನೀರಿಲ್ಲದ ನದಿ, ಬರಿ ಉಸುಕು. ಚಪ್ಪಲಿ ಬಿಟ್ಟು ಕಾಲಿಟ್ಟರೆ ಅಂಗಾಲು ಸುಡುತ್ತದೆ. ಬೊಗಸೆಯಿಂದ ತೋಡುತ್ತ ಹೋಗಿ. ಗೇಣು ಆಳಕ್ಕೆ ಬಿಸಿ ಹೋಗುತ್ತದೆ. ಮೊಳದ ಆಳಕ್ಕೆ ಉಸುಕು ತೇವವಾಗಿ ಬೆರಳಿಗೆ ಅಂಟುತ್ತದೆ. ಇನ್ನೂ ತೋಡಿದರೆ ಗುಂಡಿಯ ತಳದಲ್ಲಿ ಮೆಲ್ಲಗೆ ನೀರು ಒಸರುತ್ತದೆ. ಮಳೆಗಾಲದ ಹರಿವನ್ನು ಉಸುಕು ಹೊಟ್ಟೆಯಲ್ಲಿಟ್ಟುಕೊಂಡು ದಂಡೆಯ ಬಾವಿಗಳಿಗೆ ಬೇಸಿಗೆಯುದ್ದಕ್ಕೂ ಉಣಿಸುತ್ತದೆ. ಉಸುಕು ಹೋದರೆ ಹರಿವು ಒಂದೇ ಓಟಕ್ಕೆ ಕೆಳಗೆ ಹೋಗುತ್ತದೆ, ಬಾವಿ ಬತ್ತುತ್ತದೆ.

ದೂರದಲ್ಲಿ ಗುಡುಗಿದಂತೆ ಒಂದು ಸದ್ದು. ಮಳೆಯದಲ್ಲ. ಲಾರಿ.

ಉಸುಕಿನ ಹರಾಜು ಹಿಡಿದ ಗುತ್ತಿಗೆದಾರರ ಲಾರಿಗಳು. ಪಟ್ಟಣದ ಕಟ್ಟಡಗಳಿಗೆ ಈ ನದಿಯ ಒಡಲು ಹೋಗುತ್ತಿದೆ, ಸರ್ಕಾರದ ರಸೀದಿಯೊಂದಿಗೇ. ನೀವು ದಾರಿಯಲ್ಲಿ ನಿಂತಿದ್ದೀರಿ. ಎಡಕ್ಕೆ ಮುದುಕಿಯೊಬ್ಬಳು, ಬಲಕ್ಕೆ ಗಿರಣಿಯಿಂದ ಬಂದವನು. ಡೀಸೆಲ್ ಹೊಗೆ ಮೂಗಿಗೆ ಬರುತ್ತದೆ. ಹಾರನ್ನು ಹೊಡೆಯುತ್ತಾನೆ. ಯಾರೂ ಕದಲುವುದಿಲ್ಲ. ಮೊಣಕಾಲು ನಡುಗುತ್ತದೆ. ಪಕ್ಕದವಳ ಕೈಬಳೆ ನಿಮ್ಮ ಮಣಿಕಟ್ಟಿಗೆ ಒತ್ತುತ್ತದೆ. ಓಡಲೇ? ಓಡಿದರೆ ಸಾಲು ಒಡೆಯುತ್ತದೆ. ನಿಲ್ಲಲೇ? ಬ್ರೇಕು ಹಿಡಿಯುವವನು ಅವನು. ನಿಲ್ಲುತ್ತೀರಿ.

ಬಲವಾಡಿ ಮತ್ತು ತಾಂದೂಲವಾಡಿ ಎಂಬ ಎರಡು ಹಳ್ಳಿಗಳು ಗುತ್ತಿಗೆದಾರರಿಗೆ ಉಸುಕು ಬಿಡುವುದಿಲ್ಲ ಎಂದು ಹೂಡಿದ ಹೋರಾಟ ಮುಗಿಯುವುದು ಯಾರೂ ಎಣಿಸದ ಕಡೆಗೆ. ಊರವರೇ ಅಳೆದು ಸ್ವಲ್ಪ ಉಸುಕು ಮಾರುತ್ತೇವೆ, ಆ ಹಣದಿಂದ ಇದೇ ನದಿಗೆ ನಮ್ಮದೇ ಅಣೆಕಟ್ಟು ಕಟ್ಟುತ್ತೇವೆ, ಅಪ್ಪಣೆ ಕೊಡಿ. ವರ್ಷಗಟ್ಟಲೆ ಕಚೇರಿ ಮೆಟ್ಟಿಲು ಹತ್ತಿ ಇಳಿದ ಮೇಲೆ ಸರ್ಕಾರ ಒಪ್ಪುತ್ತದೆ. ಹೊರಗಿನ ಹಿತೈಷಿಗಳು ಹಣ ಕೊಡುತ್ತಾರೆ, ಜನ ಶ್ರಮ ಕೊಡುತ್ತಾರೆ. ಅಣೆಕಟ್ಟಿಗೆ ಬಲಿರಾಜನ ಹೆಸರು.

ಈ ಹೆಸರು ಕನ್ನಡಿಗರಿಗೆ ಹೊಸದಲ್ಲ. ಬಲಿಪಾಡ್ಯಮಿಯ ಸಂಜೆ ಕರಾವಳಿಯಲ್ಲಿ ಹೊಲದ ಅಂಚಿಗೆ ದೀಪ ಇಟ್ಟು ಬಲೀಂದ್ರನನ್ನು ಕೂಗಿ ಕರೆಯುವವರು ನಾವು. ಮಹಾರಾಷ್ಟ್ರದ ಹೆಂಗಸರೂ ದೀಪಾವಳಿಯಲ್ಲಿ ಪೀಡೆ ಹೋಗಲಿ, ಬಲಿಯ ರಾಜ್ಯ ಬರಲಿ ಎನ್ನುತ್ತಾರೆ. ಫುಲೆ ಆ ಬಲಿಯನ್ನೇ ರೈತರ ರಾಜನೆಂದು ಎತ್ತಿ ಹಿಡಿದಿದ್ದರು. ಓದುವ ಕೋಣೆಯಲ್ಲಿ ಗೇಲ್ ಬಿಡಿಸಿದ್ದ ಹೆಸರು ಇಲ್ಲಿ ಕಲ್ಲು ಗಾರೆಯಾಗಿ ನದಿಗೆ ಅಡ್ಡ ನಿಂತಿದೆ.

ಆದರೆ ಗೋಡೆ ಕಟ್ಟುವುದಕ್ಕಿಂತ ಕಷ್ಟದ ಕೆಲಸ ಒಂದಿತ್ತು. ಊರ ಸಭೆಗೆ ಬನ್ನಿ. ಈಗ ನೀವು ಹತ್ತೆಕರೆಯ ಒಡೆಯ ಎಂದುಕೊಳ್ಳಿ. ಬಗಲಲ್ಲಿ ಭೂಮಿಯೇ ಇಲ್ಲದ ಕೂಲಿಯವನು ಕೂತಿದ್ದಾನೆ. ಅವನ ಬೆವರಿನ ವಾಸನೆ, ಬಾಯಿಯ ತಂಬಾಕು ನಿಮಗೆ ಗೊತ್ತು, ನಿಮ್ಮ ಹೊಲದಲ್ಲೇ ದುಡಿಯುವವನು. ಎದುರಿಗೆ ಇಟ್ಟಿರುವ ಮಾತು ಇದು: ನೀರು ಹೊಲಕ್ಕಲ್ಲ, ಮನೆಗೆ ಹಂಚಿಕೆಯಾಗಬೇಕು. ಹತ್ತೆಕರೆಯ ಮನೆಗೂ ಭೂಮಿಯಿಲ್ಲದ ಮನೆಗೂ ಪಾಲು ಇರಬೇಕು. ನಾಳೆ ನಿಮ್ಮ ಭೂಮಿಗೆ ಹೆಚ್ಚು ನೀರು ಬೇಕಾದರೆ ಆ ಕೂಲಿಯವನ ಹತ್ತಿರ ಮಾತಾಡಬೇಕು, ಅವನಿಗೆ ಪಾಲಿಗೆ ಭೂಮಿ ಕೊಡಬೇಕು. ತಲೆತಲಾಂತರದಿಂದ ಅವನು ನಿಮ್ಮ ಬಾಗಿಲಿಗೆ ಬಂದದ್ದು. ಕೈ ಎತ್ತುತ್ತೀರಾ? ಹೆಗಲಿನಿಂದ ಬೆರಳ ತುದಿಯವರೆಗೆ ಆ ಕೈಯ ಭಾರ ಎಷ್ಟಿದೆ, ನೋಡಿಕೊಳ್ಳಿ.

ಆ ಎರಡು ಹಳ್ಳಿಗಳು ಈ ತತ್ವವನ್ನು ಒಪ್ಪಿದವು. ಕೃಷ್ಣಾ ಕಣಿವೆಯಲ್ಲಿ ಸಮಾನ ನೀರು ಹಂಚಿಕೆಯ ಬೇಡಿಕೆ ಆಮೇಲೆ ಎಷ್ಟೋ ತಾಲೂಕುಗಳಿಗೆ ಹಬ್ಬಿತು. ಅದರ ಮೊಳಕೆ ಇಲ್ಲಿಯದು.

*

ಈಗ ಒಂದು ಕಚೇರಿಯ ಕಿಟಕಿ. ನಿಮ್ಮ ಮುಂದೆ ಸಾಲಿನಲ್ಲಿ ಒಬ್ಬಾಕೆ. ಗಂಡ ಬಿಟ್ಟುಹೋಗಿ ವರ್ಷಗಳಾಗಿವೆ, ಅವನಿಗೆ ಬೇರೆ ಸಂಸಾರವಿದೆ. ರೇಷನ್ ಕಾರ್ಡು ಅವನ ಹೆಸರಿನಲ್ಲಿದೆ, ಅವನ ಮನೆಯಲ್ಲಿದೆ. ಕಿಟಕಿಯೊಳಗಿನ ಗಾಜಿನ ಲೋಟದಲ್ಲಿ ಚಹಾ ಆರುತ್ತಿದೆ. ಒಳಗಿನವನು ತಲೆಯೆತ್ತದೆ ಗಂಡನ ಹೆಸರು ಕೇಳುತ್ತಾನೆ. ಅವಳ ಕೈ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತದೆ, ಬಿಡಿಸುತ್ತದೆ, ಸುತ್ತುತ್ತದೆ. ಹಿಂದಿನವರು ನೂಕುತ್ತಾರೆ. ತವರಿನಲ್ಲಿ ಅಣ್ಣನ ಕಾರ್ಡಿಗೆ ಅವಳು ಹೊರೆ, ಗಂಡನ ಕಾರ್ಡಿನಲ್ಲಿ ಬರಿ ಹೆಸರು. ಅಕ್ಕಿ, ಸಕ್ಕರೆ, ಸೀಮೆಎಣ್ಣೆ ಯಾವುದಕ್ಕೂ ಅವಳು ಒಬ್ಬ ಮನುಷ್ಯಳೆಂದು ಲೆಕ್ಕಕ್ಕಿಲ್ಲ.

1980ರ ದಶಕದಲ್ಲಿ ಸಾಂಗ್ಲಿ ಜಿಲ್ಲೆಯ ಇಂಥ ಹೆಂಗಸರು ಸ್ತ್ರೀ ಮುಕ್ತಿ ಸಂಘರ್ಷ ಚಳವಳಿಯಲ್ಲಿ ಒಟ್ಟಾಗುತ್ತಾರೆ. ಮುಂದೆ ನಿಂತವರು ಇಂದೂತಾಯಿ, ಜೊತೆಗೆ ಸೊಸೆ. ಬಿಟ್ಟ ಹೆಂಗಸರನ್ನು ಪಾಪದವರೆಂದು ಮರುಗುವುದು ಬೇಡ, ಅವರ ಹೆಸರಿಗೇ ಕಾರ್ಡು ಕೊಡಿ, ನಿಲ್ಲಲು ಜಾಗ ಕೊಡಿ ಎಂಬುದು ಕೂಗು. ಬೀದಿಗೆ ಬಂದ ದಿನ ಆ ಹೆಂಗಸು ಸೆರಗು ಸುತ್ತುವುದನ್ನು ಮರೆತಿರುತ್ತಾಳೆ ಎಂದು ನಾನು ನಂಬುತ್ತೇನೆ.

*

1999. ಈ ಸಲದ ಆಯ್ಕೆಗೆ ಲಾರಿಯಿಲ್ಲ, ಪೊಲೀಸರಿಲ್ಲ. ಟೇಬಲ್ಲು, ಹಾಳೆ, ಅಷ್ಟೆ. ಆದರೂ ಬೆನ್ನು ಸೆಟೆಯುತ್ತದೆ.

ಅರುಂಧತಿ ರಾಯ್ ನರ್ಮದೆಯ ಅಣೆಕಟ್ಟನ್ನು ವಿರೋಧಿಸಿ ಬರೆದ ದೀರ್ಘ ಬರಹ ದೇಶವನ್ನೆಲ್ಲ ಕಲಕಿದೆ. ಗೇಲ್ ಅವರ ಗೆಳೆಯರಲ್ಲಿ ಹಲವರು ಆ ಕಡೆ ಇದ್ದಾರೆ. ಸುಮ್ಮನಿದ್ದರೆ ಸ್ನೇಹ ಉಳಿಯುತ್ತದೆ. ಅವರು ಬಹಿರಂಗ ಪತ್ರ ಬರೆಯುತ್ತಾರೆ. ಅಣೆಕಟ್ಟು ಎಂದೊಡನೆ ಕೆಟ್ಟದ್ದೆನ್ನುವುದು ಸರಿಯೇ, ನೀರಿಗಾಗಿ ಬಾಯಿಬಿಡುವ ಬರದ ಸೀಮೆಯ ರೈತರ ದನಿ ಎಲ್ಲಿ, ಆದಿವಾಸಿಗಳ ಪರವಾಗಿ ಮಾತಾಡುತ್ತಿರುವವರು ಯಾರು ಎಂದು ಕೇಳುತ್ತಾರೆ. ಸ್ವಂತ ಬಳಗವೇ ಮುನಿಯುವ ಮಾತುಗಳು ಇವು.

ಆ ಪತ್ರದ ಎಲ್ಲವನ್ನೂ ನಾನು ಒಪ್ಪಲಾರೆ. ನರ್ಮದೆಯಲ್ಲಿ ಮುಳುಗಿದವರ ನೋವು ಅದರಲ್ಲಿ ಸಾಲದೆನ್ನಿಸುತ್ತದೆ. ಆದರೆ ಬರೆದವರು ಯಾರು ನೋಡಿ. ಅಣೆಕಟ್ಟುಗಳಿಂದ ಒಕ್ಕಲೆದ್ದ ಜನರನ್ನು ಸಾತಾರಾ, ಸಾಂಗ್ಲಿ, ಕೊಲ್ಲಾಪುರದಲ್ಲಿ ಸಂಘಟಿಸಿದ್ದು ಇದೇ ಶ್ರಮಿಕ ಮುಕ್ತಿ ದಳ. ಮುಳುಗಡೆಯೂ ಗೊತ್ತು, ಒಣಗುವುದೂ ಗೊತ್ತು. ಯೆರಳೆಯ ಉಸುಕಿನಲ್ಲಿ ನಿಂತ ಕಾಲುಗಳಿಂದ ಬಂದ ಪ್ರಶ್ನೆಗೆ ದೆಹಲಿಯ ಕೋಣೆಯಲ್ಲಿ ಕೂತು ಉತ್ತರ ಹೇಳುವುದು ಸುಲಭವಲ್ಲ. ಅವರ ಧೈರ್ಯವನ್ನು ನಾನು ಗೌರವಿಸುತ್ತೇನೆ.

ಇಷ್ಟೆಲ್ಲದರ ನಡುವೆ ಹೆಚ್ಚಿನ ವರ್ಷ ಅವರಿಗೆ ಕಾಯಂ ನೌಕರಿಯಿಲ್ಲ. ಪುಣೆ ವಿಶ್ವವಿದ್ಯಾಲಯದ ಫುಲೆ-ಅಂಬೇಡ್ಕರ್ ಪೀಠ, ಭುವನೇಶ್ವರದ ಅಂಬೇಡ್ಕರ್ ಪೀಠ, ಕೋಪನ್‌ಹೇಗನ್ನಿನಲ್ಲಿ ಅತಿಥಿ ಪ್ರಾಧ್ಯಾಪಕಿ, ದೆಹಲಿಯಲ್ಲಿ ಫೆಲೋಶಿಪ್ಪು. ಹೋಗುತ್ತಾರೆ, ಕಲಿಸುತ್ತಾರೆ, ಕಾಸೇಗಾವಿಗೆ ಮರಳುತ್ತಾರೆ. ಪುಸ್ತಕಗಳು ಬರುತ್ತಲೇ ಇರುತ್ತವೆ: ಬೌದ್ಧಧರ್ಮದ ಮೇಲೆ, ಅಂಬೇಡ್ಕರರ ಮೇಲೆ, ಸಂತ ರವಿದಾಸರ 'ದುಃಖವಿಲ್ಲದ ಊರು' ಬೇಗಂಪುರದ ಕನಸಿನ ಮೇಲೆ. ವಸಂತ ಮೂನ್ ಅವರ ಮರಾಠಿ ಆತ್ಮಕಥೆ 'ವಸ್ತಿ'ಯನ್ನು ಇಂಗ್ಲಿಷಿಗೆ ತಂದವರೂ ಇವರೇ.

*

ಮರಳಿ ಹೆದ್ದಾರಿಗೆ ಬಂದಿದ್ದೀರಿ. ಬೆಳಗಾಗುತ್ತಿದೆ. ಕಬ್ಬಿನ ಗರಿಯ ಮೇಲೆ ಇಬ್ಬನಿ, ಎಲ್ಲೋ ಎತ್ತಿನ ಗಂಟೆ, ಚಹಾ ಅಂಗಡಿಯವನು ಮೊದಲ ಪಾತ್ರೆ ಒಲೆಗೇರಿಸುತ್ತಿದ್ದಾನೆ. 2021ರ ಆಗಸ್ಟ್ 25ರಂದು, ಎಂಬತ್ತು ತುಂಬಿದ ತಿಂಗಳಲ್ಲೇ, ಗೇಲ್ ಆಮ್ವೆಟ್ ಈ ಊರಿನಲ್ಲಿ ತೀರಿಕೊಂಡರು. ಅಂತ್ಯಕ್ರಿಯೆ ನಡೆದದ್ದೂ ಇಲ್ಲೇ.

ಪುಣೆಯ ಬಸ್ಸು ಬರುವ ಮೊದಲು ನಿಮ್ಮಲ್ಲಿ ಒಂದು ಕೇಳಿಕೆ. 1994ರಲ್ಲಿ ಅವರು 'ದಲಿತ್ಸ್ ಅಂಡ್ ದ ಡೆಮಾಕ್ರಟಿಕ್ ರೆವಲ್ಯೂಷನ್' ಎಂಬ ದೊಡ್ಡ ಪುಸ್ತಕ ಪ್ರಕಟಿಸಿದರು. ಅಂಬೇಡ್ಕರರ ಕಾಲದ ದಲಿತ ಚಳವಳಿಯನ್ನು ಮಹಾರಾಷ್ಟ್ರ, ಆಂಧ್ರ ಮತ್ತು ಕರ್ನಾಟಕದಲ್ಲಿ ಒಟ್ಟಿಗೆ ನೋಡುವ ಪುಸ್ತಕ ಅದು. ಗಾಂಧೀಜಿ ರಾಮರಾಜ್ಯವೆಂದು ಮೆಚ್ಚಿದ ನಮ್ಮ ಮೈಸೂರು ಸಂಸ್ಥಾನದಲ್ಲಿ ದಲಿತರ ಪಾಡೇನಿತ್ತು, ಅವರು ಏನು ಕೇಳಿದರು, ಅವರಿಗೆ ಏನು ಸಿಗಲಿಲ್ಲ ಎಂಬುದು ಅದರಲ್ಲಿದೆ. ನಮ್ಮ ಕಥೆಯನ್ನು ಕಾಸೇಗಾವಿನ ಈ ಸೊಸೆ ಬರೆದಿಟ್ಟು ಹೋಗಿದ್ದಾರೆ. ಮೈಸೂರಿನ ಆ ಪುಟಗಳನ್ನಾದರೂ ಓದಿ.